ನಾಯಿ ಕಚ್ಚಿ ಕೆಲಸ ನಿಂತರೆ ಹೋದ ದುಡಿಮೆ ಯಾರು ಕೊಡುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಟೈಲರ್. ಎರಡು ವರ್ಷದ ಹಿಂದೆ ಬ್ಲೌಸ್ ಕೊಡಲು ಗಿರಾಕಿಯ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಗೇಟು ಅರ್ಧ ತೆರೆದಿತ್ತು. ಅಲ್ಲಿಂದ ಹಾರಿ ಬಂದ ಸಾಕುನಾಯಿ ನನ್ನ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು. 23 ದಿನ ಕತ್ತರಿ ಹಿಡಿಯಲು ಆಗಲಿಲ್ಲ. ಔಷಧದ ಖರ್ಚು ದೊಡ್ಡದಲ್ಲ. ಹೋದದ್ದು ದುಡಿಮೆ. ಅದನ್ನು ಕೇಳಿ ಪಡೆಯಲು ನಾಲ್ಕು ತಿಂಗಳು ಹಿಡಿಯಿತು. ಆಮೇಲಿಂದ ಗುರುತಿನವರಿಗೆ ಯಾರಿಗೆ ನಾಯಿ ಕಚ್ಚಿದರೂ ನನಗೇ ಫೋನ್. ಅವರು ಕೇಳಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ, ದೊಡ್ಡ ಗಾಯವಾಗಿದ್ದರೆ ವಕೀಲರನ್ನು ಕೇಳಿಯೇ ಮುಂದೆ ಹೋಗಿ.

ಕಚ್ಚಿದ ತಕ್ಷಣ ಮೊದಲು ಏನು ಮಾಡಬೇಕು?

ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ಆಮೇಲೆ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದವರಿಗೆ ಮಿಮ್ಸ್ ಇದೆ, ತಾಲ್ಲೂಕುಗಳಲ್ಲಿ ಸಾರ್ವಜನಿಕ ಆಸ್ಪತ್ರೆ ಇದೆ. ರೇಬೀಸ್ ಲಸಿಕೆಗೆ ಅಲ್ಲಿ ದುಡ್ಡಿಲ್ಲ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆ ಮಾತ್ರ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ತಕ್ಷಣ ರಕ್ಷಣೆ ಕೊಡುವ ಚುಚ್ಚುಮದ್ದನ್ನೂ ಕೊಡುತ್ತಾರೆ. ‘ಸಾಕಿದ ನಾಯಿ, ಲಸಿಕೆ ಹಾಕಿಸಿದ್ದೀವಿ’ ಎಂದು ಮಾಲೀಕರು ಹೇಳಿದರೂ ನಿಮ್ಮ ಚುಚ್ಚುಮದ್ದು ತಪ್ಪಿಸಬೇಡಿ. ರೇಬೀಸ್ ಬಂದ ಮೇಲೆ ಉಳಿಸುವ ಮದ್ದಿಲ್ಲ.

ಚೀಟಿ ಬರೆಸುವಾಗ ‘ನಾಯಿ ಕಚ್ಚಿದ್ದು’ ಎನ್ನುವುದರ ಜೊತೆ ಎಲ್ಲಿ, ಎಷ್ಟು ಹೊತ್ತಿಗೆ, ಯಾರ ನಾಯಿ ಎಂದೂ ಹೇಳಿ. ಎಂಎಲ್‌ಸಿ (ಗಾಯವನ್ನು ಪೊಲೀಸರಿಗೂ ತಿಳಿಸಿ ಆಸ್ಪತ್ರೆ ಬರೆದಿಡುವ ದಾಖಲೆ) ಮಾಡಿಸಿ ಎಂದು ಕೇಳಿ. ದುಡಿಮೆ ಕೇಳುವ ಹಾದಿ ಶುರುವಾಗುವುದೇ ಈ ಚೀಟಿಯಿಂದ. ಗಾಯದ ಫೋಟೊವನ್ನು ಬ್ಯಾಂಡೇಜ್ ಕಟ್ಟುವ ಮೊದಲೇ ತೆಗೆಸಿಕೊಳ್ಳಿ. ನಾನು ಮರೆತೆ. ಎರಡನೇ ದಿನ ತೆಗೆದ ಫೋಟೊದಲ್ಲಿ ಬಿಳಿ ಬಟ್ಟೆ ಬಿಟ್ಟರೆ ಏನೂ ಕಾಣಲಿಲ್ಲ.

ಔಷಧದ ಖರ್ಚು ಸರಿ, ಹೋದ ಕೂಲಿಯನ್ನೂ ಕೇಳಬಹುದಾ?

ಕೇಳಬಹುದು. ಗಾಯ ಮಾಡಿದವರಿಂದ ಪರಿಹಾರ ಕೇಳುವಾಗ ಕೋರ್ಟು ಬೇರೆ ಬೇರೆ ಬಾಬ್ತು ನೋಡುತ್ತದೆ. ಚಿಕಿತ್ಸೆಯ ಖರ್ಚು ಒಂದು. ಚಿಕಿತ್ಸೆಯ ದಿನಗಳಲ್ಲಿ ಹೋದ ಗಳಿಕೆ ಇನ್ನೊಂದು. ಮುಂದೆ ದುಡಿಯುವ ಶಕ್ತಿ ಕುಗ್ಗಿದ್ದರೆ ಅದು ಬೇರೆ, ಪಟ್ಟ ನೋವು ಬೇರೆ. ಗಳಿಕೆ ಅನ್ನುವುದು ಮಾಲೀಕರು ದಯೆ ತೋರಿಸಿ ಕೊಡುವ ಹಣವಲ್ಲ. ‘ಇಂಜೆಕ್ಷನ್ ಖರ್ಚು ಕೊಡ್ತೀನಿ, ಅದಕ್ಕಿಂತ ಜಾಸ್ತಿ ಏನು?’ ಎಂದು ನನಗೂ ಕೇಳಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಪುಕ್ಕಟೆ ಸ್ವಾಮಿ, ಆ ಖರ್ಚು ನೀವೇ ಇಟ್ಟುಕೊಳ್ಳಿ ಎಂದೆ.

‘ನಮ್ಮ ನಾಯಿ ಈವರೆಗೆ ಯಾರಿಗೂ ಕಚ್ಚಿಲ್ಲ’ ಅಂತಾರೆ. ಆಗ?

ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ವವೂ ಇದೆ. ನಾಯಿಯ ಸ್ವಭಾವ ಗೊತ್ತಿದ್ದೂ ಮಾಲೀಕರು ಬಿಟ್ಟಿದ್ದರಾ ಎಂದು ಕೋರ್ಟು ನೋಡುತ್ತದೆ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಗೇಟು ತೆರೆದಿಟ್ಟದ್ದು, ಸರಪಳಿ ಇಲ್ಲದೆ ಬೀದಿಗೆ ಬಿಟ್ಟದ್ದು, ಇವು ಅಜಾಗರೂಕತೆ. ಅದನ್ನು ತೋರಿಸಿದರೂ ಸಾಕಾಗಬಹುದು. ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡು ಹಾಕಿದ್ದರೆ ಅದರ ಫೋಟೊ ತೆಗೆದಿಡಿ. ಆ ಬೋರ್ಡು ತಮ್ಮನ್ನು ಕಾಪಾಡುತ್ತದೆ ಎಂದು ಮಾಲೀಕರು ಅಂದುಕೊಂಡಿರುತ್ತಾರೆ. ಆದರೆ ನಾಯಿ ಕಚ್ಚಬಹುದು ಎಂದು ಅವರಿಗೆ ಮೊದಲೇ ಗೊತ್ತಿತ್ತು ಎನ್ನಲೂ ಅದೇ ಬೋರ್ಡು ಬಳಕೆಗೆ ಬರುತ್ತದೆ. ಬೀದಿಯಲ್ಲಿ ಹಾಲು ಹಾಕುವವರು, ಪೇಪರ್ ಹುಡುಗರನ್ನು ಒಮ್ಮೆ ಕೇಳಿ ನೋಡಿ. ಯಾವ ಮನೆಯ ನಾಯಿ ಯಾರ ಪ್ಯಾಂಟು ಹರಿದಿದೆ ಎಂದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.

ತಪ್ಪು ನಿಮ್ಮದೂ ಇದ್ದರೆ, ಅಂದರೆ ನಾಯಿಗೆ ಕಲ್ಲು ಹೊಡೆದಿದ್ದರೆ, ಕಾಂಪೌಂಡು ಹಾರಿದ್ದರೆ, ಸಿಗುವ ಮೊತ್ತ ಇಳಿಯುತ್ತದೆ ಅಥವಾ ಕೈತಪ್ಪುತ್ತದೆ.

ನನಗೆ ಸ್ಯಾಲರಿ ಸ್ಲಿಪ್ ಇಲ್ಲ. ಗಳಿಕೆ ಹೇಗೆ ತೋರಿಸಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನಮ್ಮ ಕಡೆ ದುಡಿಯುವವರಲ್ಲಿ ಸ್ಲಿಪ್ ಇರುವವರು ಎಷ್ಟು ಜನ? ಆದರೆ ದಾಖಲೆ ಇಲ್ಲ ಅಂದುಕೊಳ್ಳುವವರ ಮನೆಯಲ್ಲೇ ದಾಖಲೆ ಇರುತ್ತದೆ. ಅವರಿಗದು ದಾಖಲೆಯಾಗಿ ಕಾಣುವುದಿಲ್ಲ, ಅಷ್ಟೇ.

ಮಂಡ್ಯ ಕಡೆಯ ಒಬ್ಬ ಹೆಣ್ಣುಮಗಳು ‘ನನ್ನ ಹತ್ರ ಏನೂ ಇಲ್ಲಣ್ಣ’ ಎಂದರು. ಎರಡು ಹಸು ಕಟ್ಟಿದ್ದಾರೆ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾರೆ. ಡೈರಿ ಪುಸ್ತಕ ತರಲು ಹೇಳಿದೆ. ಅದರಲ್ಲಿ ದಿನಕ್ಕೆ ಎರಡು ಸಾಲು, ಎಷ್ಟು ಲೀಟರ್, ಹಾಲಿನ ಗಟ್ಟಿತನ ಎಷ್ಟು ಡಿಗ್ರಿ, ಎಲ್ಲ ಇತ್ತು. ನಾಯಿ ಕಚ್ಚಿದ ಮಾರನೆಯ ದಿನದಿಂದ ಹಾಲು ಅರ್ಧಕ್ಕೆ ಇಳಿದಿತ್ತು. ಕೈಗೆ ಹೊಲಿಗೆ ಬಿದ್ದ ಮೇಲೆ ಹಾಲು ಕರೆದದ್ದು ಅವರ ಅತ್ತೆ. ಹೊಸ ಕೈಗೆ ಹಸು ಸರಿಯಾಗಿ ಸೊರೆ ಬಿಡಲಿಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಆಡಿಟರ್ ಬರೆದುಕೊಟ್ಟಾರು?

ಹೀಗೆ ಹುಡುಕಿ. ಬಂಡಿಪಾಳ್ಯ ಮಾರುಕಟ್ಟೆಗೆ ತರಕಾರಿ ಹಾಕುವವರಿಗೆ ಮಂಡಿಯ ಪಟ್ಟಿ. ಕಬ್ಬು ಕಡಿಯುವವರಿಗೆ, ಆಲೆಮನೆ ಕೆಲಸದವರಿಗೆ ಮೇಸ್ತ್ರಿಯ ಹಾಜರಿ ಪುಸ್ತಕ. ಮನೆಯಲ್ಲಿ ಊದಿನಕಡ್ಡಿ ಹೊಸೆಯುವವರಿಗೆ, ಬೀಡಿ ಕಟ್ಟುವವರಿಗೆ ತೂಕದ, ಎಣಿಕೆಯ ಕಾರ್ಡು. ಆಟೊದವರಿಗೆ ಗ್ಯಾಸ್ ಬಂಕಿನ ಚೀಟಿ, ಸಾಲದ ಕಂತು ಕಟ್ಟಿದ ವಿವರ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವವರೂ ಈಗ ಕ್ಯೂಆರ್ ಕೋಡ್ ಇಟ್ಟಿದ್ದಾರೆ, ಫೋನ್‌ಪೇ ಲೆಕ್ಕವನ್ನು ಬ್ಯಾಂಕಿನಿಂದ ಮುದ್ರಿಸಿ ತರಬಹುದು. ಕಚ್ಚುವ ಮೊದಲಿನ ಮೂರು ತಿಂಗಳದ್ದು ಮತ್ತು ಕಚ್ಚಿದ ನಂತರದ್ದು ಎರಡನ್ನೂ ತೆಗೆಸಿ. ಒಂದರ ಪಕ್ಕ ಒಂದು ಇಟ್ಟರೆ ಕುಸಿದದ್ದು ಕಣ್ಣಿಗೆ ಕಾಣುತ್ತದೆ.

ಏನೂ ಇಲ್ಲದಿದ್ದರೆ?

ಆಗಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿಗೆ ರಸ್ತೆ ಅಪಘಾತದಲ್ಲಿ ಕಾಲು ಹೋಗಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ದಾಖಲೆ ಇಲ್ಲದಿದ್ದರೂ ಅವನ ಗಳಿಕೆ ತಿಂಗಳಿಗೆ 6,500 ರೂಪಾಯಿ ಎಂದು ಒಪ್ಪಿತು. ಅಸಂಘಟಿತ ಕೆಲಸದವರಿಂದ ಸಂಬಳದ ಪುರಾವೆ ಕೇಳುತ್ತಾ ಕೂರಬಾರದು ಎಂಬುದು ಅದರ ಧಾಟಿ. ಅದು ವಾಹನ ಅಪಘಾತದ ತೀರ್ಪು, ನಿಜ. ಆದರೆ ಗಳಿಕೆ ಅಂದಾಜು ಮಾಡುವ ರೀತಿಯನ್ನು ವಕೀಲರು ನಾಯಿ ಕಚ್ಚಿದ ಕೇಸಲ್ಲೂ ಎತ್ತಿ ಹೇಳಬಹುದು. ನಿಮ್ಮ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಯೂ ಒಂದು ಆಧಾರ.

ಲೆಕ್ಕ ಹಾಕುವುದು ಹೇಗೆ? ಸುಮ್ನೆ ಒಂದು ಮೊತ್ತ ಹೇಳಿದರೆ ಆಗಲ್ವಾ?

ಆಗಲ್ಲ. ನಾನು ಮೊದಲು ‘30 ಸಾವಿರ ಹೋಯ್ತು’ ಎಂದೆ. ಮಾಲೀಕರು ನಕ್ಕರು. ಮನೆಗೆ ಬಂದು ಬಿಲ್ ಪುಸ್ತಕ ತೆಗೆದು ಕೂತೆ. ಎಡಗೈಯಲ್ಲಿ ಬರೆದೆ, ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಹಿಂದಿನ ಮೂರು ತಿಂಗಳ ಸರಾಸರಿ ನೋಡಿದರೆ ದಿನಕ್ಕೆ 1,250 ರೂಪಾಯಿ ಬರುತ್ತಿತ್ತು. ಅದರಲ್ಲಿ ದಾರ, ಲೈನಿಂಗ್, ಹುಕ್ಕಿಗೆ 180. ಕಾಜಾ, ಹೆಮ್ಮಿಂಗ್ ಮಾಡುವವರಿಗೆ 220. ಉಳಿಯುವುದು 850. ಕಚ್ಚಿದಾಗ ಹೋದದ್ದು ಈ 850, ಪೂರ್ತಿ 1,250 ಅಲ್ಲ. ಕೆಲಸ ಇಲ್ಲದಾಗ ದಾರವೂ ಖರ್ಚಾಗಲಿಲ್ಲವಲ್ಲ.

ಆದರೆ ಅಂಗಡಿ ಬಾಡಿಗೆಯನ್ನು ಇದರಿಂದ ಕಳೆಯಬೇಡಿ. ಬಾಗಿಲು ಹಾಕಿದ್ದರೂ ಬಾಡಿಗೆ ಕಟ್ಟಿದ್ದೀರಿ. ತುಂಬಾ ಜನ ಎಡವುವುದು ಇಲ್ಲೇ. ಕೆಲಸ ನಿಂತರೆ ಉಳಿಯುವ ಖರ್ಚನ್ನು ಕಳೆಯಿರಿ, ನಿಂತರೂ ತಪ್ಪದ ಖರ್ಚನ್ನು ಕಳೆಯಬೇಡಿ.

23 ದಿನದಲ್ಲಿ ಮೂರು ಭಾನುವಾರ ಅಂಗಡಿಗೆ ರಜೆ. ಉಳಿದ 20 ದಿನಕ್ಕೆ 17,000. ಆಮೇಲೆ 28ನೇ ದಿನದ ಚುಚ್ಚುಮದ್ದಿಗೆ ಅರ್ಧ ದಿನ ಹೋಯಿತು, ಅದಕ್ಕೆ 425. ಔಷಧ 1,940, ಆಟೊ 760. ಒಟ್ಟು 20,125. ಭಾನುವಾರ ನಾನೇ ಬಿಟ್ಟಿದ್ದು ನೋಡಿ ಮಾಲೀಕರ ದನಿ ಬದಲಾಯಿತು. ಕೊನೆಗೆ ಕೈಗೆ ಬಂದದ್ದು 18,000.

ಲಸಿಕೆಗೆ ಹೋದ ದಿನಗಳೂ ಲೆಕ್ಕಕ್ಕೆ ಬರುತ್ತವಾ?

ಬರುತ್ತವೆ. ಚರ್ಮದ ಒಳಗೆ ಹಾಕುವ ಲಸಿಕೆಗೆ ನಾಲ್ಕು ಸಲ ಹೋಗಬೇಕು. ಕಚ್ಚಿದ ದಿನ, ಆಮೇಲೆ 3, 7 ಮತ್ತು 28ನೇ ದಿನ. ತೋಳಿನ ಸ್ನಾಯುವಿಗೆ ಹಾಕುವುದಾದರೆ 14ನೇ ದಿನವೂ ಸೇರಿ ಐದು. ಗಾಯ ಚಿಕ್ಕದಿದ್ದು ಕೆಲಸಕ್ಕೆ ಹೋಗುತ್ತಿದ್ದರೂ ಈ ದಿನಗಳ ಕೂಲಿ ತಪ್ಪುತ್ತದೆ. ಲಸಿಕೆ ಕಾರ್ಡಿನಲ್ಲಿ ತಾರೀಖು ಇರುತ್ತದೆ, ಕಳೆಯಬೇಡಿ. ನಿಮ್ಮ ಜೊತೆ ಬಂದ ಮಗನ ಕೂಲಿ ಹೋಗಿದ್ದರೆ, ಒಬ್ಬರೇ ಹೋಗಲು ಆಗದ ಸ್ಥಿತಿ ಇದ್ದದ್ದು ನಿಜವಾಗಿದ್ದರೆ, ಅದನ್ನೂ ಬರೆಯಿರಿ.

ಡಾಕ್ಟರ ಚೀಟಿಯಲ್ಲಿ ಏನು ಬರೆದಿರಬೇಕು?

‘ವಿಶ್ರಾಂತಿ ಬೇಕು’ ಎಂದಷ್ಟೇ ಇದ್ದರೆ ಸಾಲದು. ಎಷ್ಟು ದಿನ ಮತ್ತು ಯಾವ ಕೆಲಸ ಆಗದು, ಎರಡೂ ಬೇಕು. ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಹೇಳಿ. ಕಾಲಿಗೆ ಕಚ್ಚಿದ್ದರೆ ಕೂತು ಲೆಕ್ಕ ಬರೆಯುವವರು ನಾಲ್ಕನೇ ದಿನ ಕೆಲಸಕ್ಕೆ ಹೋಗಬಹುದು, ಗದ್ದೆಯ ಕೆಸರಿಗೆ ಇಳಿಯುವವರು ಹೋಗಲಾಗದು. ನನಗೆ ‘ಬಲಗೈಯಲ್ಲಿ ಹಿಡಿತದ ಕೆಲಸ ಮೂರು ವಾರ ಬೇಡ’ ಎಂದು ಬರೆದುಕೊಟ್ಟರು. ಆ ಒಂದು ಸಾಲು ದೊಡ್ಡ ಸಹಾಯ ಮಾಡಿತು.

ಫ್ಯಾಕ್ಟರಿ ಕೆಲಸ, ಇಎಸ್‌ಐ ಇದೆ. ಏನು ಸಿಗುತ್ತದೆ?

ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡಿನ ಫ್ಯಾಕ್ಟರಿಯವರು, ಮಂಡ್ಯ ಕಡೆಯ ಗಾರ್ಮೆಂಟ್ಸ್‌ನವರು ಇದನ್ನು ಗಮನವಿಟ್ಟು ಓದಿ. ಇಎಸ್‌ಐ ಅಂದರೆ ಸಂಬಳದಿಂದ ವಂತಿಗೆ ಹಿಡಿದು ನಡೆಸುವ ಕಾರ್ಮಿಕರ ಸರ್ಕಾರಿ ವಿಮೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇಎಸ್‌ಐ ಒಳಗೆ ಬರುತ್ತಾರೆ. ಮನೆ ಹತ್ತಿರ, ರಜೆಯ ದಿನ ಕಚ್ಚಿದರೆ ಅದು ಅನಾರೋಗ್ಯದ ಸೌಲಭ್ಯ. ದಿನದ ಸರಾಸರಿ ಕೂಲಿಯ 70 ಶೇಕಡಾ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಇದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಆಗಿರಬೇಕು. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣ ಬರುವುದಿಲ್ಲ.

ಕೆಲಸದ ವೇಳೆ ಕೆಲಸದ ಕಾರಣಕ್ಕೇ ಕಚ್ಚಿದ್ದರೆ, ಉದಾಹರಣೆಗೆ ಸೆಕ್ಯುರಿಟಿಯವರಿಗೆ ಫ್ಯಾಕ್ಟರಿ ಆವರಣದಲ್ಲಿ ಕಚ್ಚಿದರೆ, ಅದು ಕೆಲಸದ ಗಾಯ. ಆಗ 90 ಶೇಕಡಾ, 78 ದಿನದ ಷರತ್ತೂ ಇಲ್ಲ. ಕೆಲಸಕ್ಕೆ ಹೋಗುವ, ಬರುವ ದಾರಿಯ ಅಪಘಾತವೂ ಸಂದರ್ಭ ನೋಡಿ ಇದರೊಳಗೆ ಬರಬಹುದು. ಸೂಪರ್‌ವೈಸರ್‌ಗೆ ಅಂದೇ ತಿಳಿಸಿ, ಅಪಘಾತದ ವರದಿ ಬರೆಸಿ.

ಇಲ್ಲೊಂದು ಮುಳ್ಳಿದೆ. ಕೆಲಸದ ಗಾಯ ಎಂದು ಇಎಸ್‌ಐನಿಂದ ಪಡೆದ ಮೇಲೆ ಅದೇ ಗಾಯಕ್ಕೆ ಬೇರೆಯವರಿಂದ ಪರಿಹಾರ ಕೇಳಲು ಕಾನೂನು ಅಡ್ಡ ಬರುತ್ತದೆ. ನಾಯಿ ಮಾಲೀಕರಿಂದ ದೊಡ್ಡ ಮೊತ್ತ ಕೇಳುವ ಕೇಸಾದರೆ ಅರ್ಜಿ ಹಾಕುವ ಮೊದಲೇ ವಕೀಲರನ್ನು ಕೇಳಿ.

ರಜೆ ಹಾಕಿದೆ, ಸಂಬಳ ಪೂರ್ತಿ ಬಂತು. ನನಗೆ ನಷ್ಟ ಆಗಿಲ್ವಾ?

ಆಗಿದೆ. ಆ ರಜೆ ನೀವು ದುಡಿದು ಗಳಿಸಿದ್ದು. ಮಗಳ ಮದುವೆಗೆ ಅಂತ ಇಟ್ಟುಕೊಂಡದ್ದು ನಾಯಿಗೆ ಹೋಯಿತು. ಎಷ್ಟು ರಜೆ ಖರ್ಚಾಯಿತು ಎಂದು ಕಚೇರಿಯಿಂದ ಪತ್ರ ತಗೊಂಡು ಅದನ್ನೂ ಕೇಳಿ.

ಡೆಲಿವರಿ ಮಾಡುವಾಗ ಕಚ್ಚಿದರೆ?

ಆ್ಯಪ್‌ನಲ್ಲಿ ಆ ಆರ್ಡರ್ ಇನ್ನೂ ತೆರೆದಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ದೂರು ದಾಖಲಿಸಿ. ಸಮಯ, ವಿಳಾಸ ಎರಡೂ ಅದರಲ್ಲೇ ಇರುತ್ತವೆ. ವಾರದ ಗಳಿಕೆಯ ಪುಟಗಳನ್ನೂ ಉಳಿಸಿಕೊಳ್ಳಿ, ನಿಮ್ಮ ಸ್ಯಾಲರಿ ಸ್ಲಿಪ್ ಅದೇ. ಕೆಲವು ಕಂಪನಿಗಳ ಗುಂಪು ವಿಮೆಯಲ್ಲಿ ಕೆಲಸ ನಿಂತ ದಿನಗಳಿಗೂ ಹಣ ಇರುತ್ತದೆ, ಕೇಳಿ ನೋಡಿ. ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮೆಯಲ್ಲಿ ಅಪಘಾತಕ್ಕೆ ಆಸ್ಪತ್ರೆ ಖರ್ಚು 1 ಲಕ್ಷದವರೆಗೆ ಇದೆ, ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹೆಸರು ನೋಂದಾಯಿಸಿರಬೇಕು. ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ವಿಮೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಹೋದ ದಿನಗೂಲಿಗೆ ಅದರಿಂದ ಏನೂ ಬರುವುದಿಲ್ಲ.

ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಹಣ ಬರುತ್ತಾ?

ನೇರವಾಗಿ ಬರುವುದಿಲ್ಲ. ಸಾಕುಪ್ರಾಣಿಯನ್ನು ಜಾಗರೂಕತೆಯಿಂದ ನೋಡಿಕೊಳ್ಳದೆ ಜನರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ಹೋಗುವುದು ಸರ್ಕಾರಕ್ಕೆ. ಶಿಕ್ಷೆ ಆದಾಗ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಧೀಶರಿಗೆ ಇದೆ. ಆದರೆ ಅದನ್ನೇ ನಂಬಿ ಕೂರಬೇಡಿ. ದೂರಿನ ನಿಜವಾದ ಉಪಯೋಗ ಬೇರೆ. ಯಾವ ದಿನ, ಯಾರ ನಾಯಿ, ಎಲ್ಲಿ ಕಚ್ಚಿತು ಎಂದು ಸರ್ಕಾರಿ ಕಾಗದದಲ್ಲಿ ಬೀಳುತ್ತದೆ. ಆಮೇಲೆ ‘ಅದು ನಮ್ಮ ನಾಯೇ ಅಲ್ಲ’ ಎನ್ನಲು ಆಗದು. ನನ್ನ ದೂರನ್ನು ಠಾಣೆಯಲ್ಲಿ ಮೊದಲು ತೆಗೆದುಕೊಳ್ಳಲಿಲ್ಲ, ‘ನಾಯಿ ಮೇಲೆ ಎಂಥ ಕೇಸು’ ಎಂದರು. ಬರೆದ ಅರ್ಜಿ ಕೊಟ್ಟು ಸ್ವೀಕೃತಿ ಕೇಳಿದ ಮೇಲೆ ತೆಗೆದುಕೊಂಡರು. ಅಲ್ಲೂ ಆಗದಿದ್ದರೆ ಎಸ್‌ಪಿಗೆ, ಮೈಸೂರು ನಗರದವರಾದರೆ ಪೊಲೀಸ್ ಕಮಿಷನರ್‌ಗೆ ಬರೆಯಬಹುದು.

ಬೀದಿನಾಯಿ ಕಚ್ಚಿತು. ಯಾರನ್ನು ಕೇಳಲಿ?

ಇಲ್ಲಿ ಹಾದಿ ಕಷ್ಟ, ಮೊತ್ತ ಚಿಕ್ಕದು. ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ಪ್ರಕಾರ ಬೀದಿನಾಯಿ ಕಚ್ಚಿ ಸಾವಾದರೆ ಕುಟುಂಬಕ್ಕೆ 5 ಲಕ್ಷ. ಆಳವಾದ ಗಾಯ, ಹಲವು ಕಡೆ ಕಚ್ಚಿದ್ದರೆ 5,000 ರೂಪಾಯಿ. ಅದರಲ್ಲಿ ಕೈಗೆ ಬರುವುದು 3,500, ಉಳಿದ 1,500 ಚಿಕಿತ್ಸೆಯ ಲೆಕ್ಕಕ್ಕೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ. ಗಾರೆ ಕೆಲಸದವರಿಗೆ 3,500 ಅಂದರೆ ನಾಲ್ಕೈದು ದಿನದ ಕೂಲಿ. ಆದರೂ ಬಿಡಬೇಡಿ, ಆಸ್ಪತ್ರೆ ಚೀಟಿ ಹಿಡಿದು ಪಾಲಿಕೆಗೋ ಪುರಸಭೆಗೋ ಅರ್ಜಿ ಕೊಡಿ.

ಅದಕ್ಕಿಂತ ಜಾಸ್ತಿ ಬೇಕೆಂದರೆ ಸ್ಥಳೀಯ ಸಂಸ್ಥೆಯ ನಿರ್ಲಕ್ಷ್ಯ ತೋರಿಸಬೇಕು. ಆ ಬೀದಿಯ ನಾಯಿಗಳ ಬಗ್ಗೆ ಮೊದಲೇ ದೂರು ಕೊಟ್ಟಿದ್ದರೆ ಅದರ ಪ್ರತಿ ಚಿನ್ನ. ಕೋರ್ಟಿಗೆ ಹೋಗುವ ಮೊದಲು ನೋಟಿಸ್ ಕೊಡಬೇಕು, ಗಡುವೂ ಬಿಗಿ. ತಡ ಮಾಡದೆ ವಕೀಲರನ್ನು ನೋಡಿ.

‘ಒಂದು ಹಲ್ಲಿನ ಗುರುತಿಗೆ 10,000’ ಎಂದು ವಾಟ್ಸಾಪ್‌ನಲ್ಲಿ ಬಂತು. ನಿಜವೇ?

ಅರ್ಧ ನಿಜ. 2023ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಹಾಗೆ ಹೇಳಿದ್ದು ಹೌದು. ಪ್ರತಿ ಹಲ್ಲಿನ ಗುರುತಿಗೆ ಕನಿಷ್ಠ 10,000, ಮಾಂಸ ಕಿತ್ತು ಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000. ಆದರೆ ಅದು ಆ ಕಡೆಯ ಸರ್ಕಾರಗಳಿಗೆ ಹೇಳಿದ್ದು. ಮಂಡ್ಯದಲ್ಲಿ ಹಲ್ಲು ಎಣಿಸಿ ದುಡ್ಡು ಕೊಡುವ ನಿಯಮ ಇಲ್ಲ. ವಾದಕ್ಕೆ ಬಳಸಿಕೊಳ್ಳಬಹುದು, ಅಷ್ಟೇ.

ಕಚ್ಚಲಿಲ್ಲ, ಅಟ್ಟಿಸಿಕೊಂಡು ಬಂತು. ಬೈಕಿಂದ ಬಿದ್ದು ಕೈ ಮುರಿಯಿತು.

ಸಾಕುನಾಯಿಯಾದರೆ ಮಾಲೀಕರನ್ನು ಆಗಲೂ ಕೇಳಬಹುದು. ಹಲ್ಲು ತಾಗಲೇಬೇಕು ಅಂತಿಲ್ಲ. ನೋಡಿದವರ ಹೆಸರು, ಹತ್ತಿರದ ಅಂಗಡಿಯ ಸಿಸಿಟಿವಿ ಬೇಗ ಹಿಡಿಯಿರಿ, ದಿನ ಕಳೆದರೆ ಅಳಿಸಿಹೋಗುತ್ತದೆ. ಗಾಡಿ ಜೊತೆ ಮಾಡಿಸುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಾವು, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ.

ಕೈ ಮೊದಲಿನ ಹಾಗೆ ಆಗಲೇ ಇಲ್ಲ. ಮುಂದಿನ ದುಡಿಮೆಯ ಗತಿ?

ಡಾಕ್ಟರು ಬರೆಯುವ ಅಂಗವೈಕಲ್ಯದ ಶೇಕಡಾ ಒಂದು, ದುಡಿಯುವ ಶಕ್ತಿ ಕುಗ್ಗಿದ ಶೇಕಡಾ ಇನ್ನೊಂದು. ಇವೆರಡು ಬೇರೆ ಎಂದು ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಅಲ್ಲಿನ ಉದಾಹರಣೆ ಚೆನ್ನಾಗಿದೆ. ಎಡಗೈ ಹೋದರೆ ಬಡಗಿಗೆ, ಡ್ರೈವರ್‌ಗೆ ಹೆಚ್ಚುಕಡಿಮೆ ಪೂರ್ತಿ ದುಡಿಮೆ ಹೋದಂತೆ. ಸರ್ಕಾರಿ ಗುಮಾಸ್ತನಿಗೆ ಕೆಲಸ ಉಳಿಯಬಹುದು. ಹಾಗಾಗಿ ‘10 ಶೇಕಡಾ’ ಎಂದು ಸರ್ಟಿಫಿಕೇಟ್ ಬಂದರೆ ಅಷ್ಟಕ್ಕೇ ಒಪ್ಪಬೇಡಿ. ನನ್ನ ಹೆಬ್ಬೆರಳು ಚಳಿಗಾಲದಲ್ಲಿ ಈಗಲೂ ಬಿಗಿಯುತ್ತದೆ. ದಪ್ಪ ಕೋಟಿನ ಬಟ್ಟೆ ಕತ್ತರಿಸುವ ಆರ್ಡರ್ ಬಿಟ್ಟಿದ್ದೇನೆ. ರಾಜಿ ಆಗುವಾಗ ಇದು ಗೊತ್ತಿರಲಿಲ್ಲ. ಗಾಯ ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿಯುವ ಮೊದಲು ಕೊನೆಯ ಮೊತ್ತಕ್ಕೆ ಸಹಿ ಹಾಕಬೇಡಿ.

ಗೃಹಿಣಿಗೆ, ಮಗುವಿಗೆ ಕಚ್ಚಿದರೆ?

ಸಂಬಳ ಇಲ್ಲದಿದ್ದರೂ ಮನೆಗೆಲಸಕ್ಕೆ ಬೆಲೆ ಇದೆ, ಕೋರ್ಟುಗಳೂ ಒಪ್ಪುತ್ತವೆ. ಆ ದಿನಗಳಲ್ಲಿ ಕೆಲಸಕ್ಕೆ ಆಳು ಇಟ್ಟಿದ್ದರೆ ಕೊಟ್ಟ ಹಣದ ಚೀಟಿ ಇಡಿ. ಮಗುವಾದರೆ ನೋಡಿಕೊಳ್ಳಲು ಬಿಟ್ಟ ತಂದೆ ತಾಯಿಯ ಕೂಲಿ ಕೇಳಿ.

ಕೋರ್ಟಿಗೆ ಹೋಗದೆ ಮುಗಿಸುವುದು ಹೇಗೆ?

ಚಿಕ್ಕ ಮೊತ್ತಕ್ಕೆ ಇದೇ ಒಳ್ಳೆಯದು. ಲೆಕ್ಕದ ಹಾಳೆ, ಚೀಟಿಗಳ ಜೆರಾಕ್ಸ್ ಸೇರಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, 15 ದಿನ ಕೊಡಿ. ಒಪ್ಪದಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ, ಫೀಸಿಲ್ಲ. ಲೋಕ ಅದಾಲತ್‌ನಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿಗೆ, ಸಮ. ನನ್ನದು ಮುಗಿದದ್ದು ಹೀಗೇ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ವಕೀಲರೂ ಉಚಿತ. ಸಹಾಯವಾಣಿ 15100. ಮಾಲೀಕರು ನಾಯಿಗೆ ವಿಮೆ ಮಾಡಿಸಿದ್ದಾರಾ ಎಂದೂ ಕೇಳಿ. ಕೆಲವು ಪಾಲಿಸಿಗಳಲ್ಲಿ ನಾಯಿ ಬೇರೆಯವರಿಗೆ ಮಾಡಿದ ಗಾಯದ ಹೊಣೆಯೂ ಸೇರಿರುತ್ತದೆ.

ಎಷ್ಟು ದಿನದೊಳಗೆ ಕೇಸ್ ಹಾಕಬೇಕು?

ಮಾಲೀಕರ ಮೇಲಿನ ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ ಎನ್ನುತ್ತಾರೆ. ಸರ್ಕಾರಿ ಸಂಸ್ಥೆಗಳ ಮೇಲಾದರೆ ಇನ್ನೂ ಕಡಿಮೆ ಇರಬಹುದು. ಮಾಲೀಕರ ಮೇಲಿನ ಕೇಸಾದರೆ ವರ್ಷ ತುಂಬುವ ಮೊದಲೇ, ಸರ್ಕಾರಿ ಸಂಸ್ಥೆಯಾದರೆ ತಡ ಮಾಡದೆ ವಕೀಲರ ಕೈಗೆ ಕಾಗದ ಕೊಡಿ.

ಅಕ್ಕಪಕ್ಕದವರ ಜೊತೆ ಮನಸ್ತಾಪ ಆಗಲ್ವಾ?

ಆಗುತ್ತದೆ. ಮೂರು ತಿಂಗಳು ಆ ಮನೆಯವರು ನನ್ನ ಕಂಡರೆ ಮುಖ ತಿರುಗಿಸುತ್ತಿದ್ದರು. ಹೋದ ಯುಗಾದಿಗೆ ಮಗಳ ಲಂಗ ಹೊಲಿಸಲು ಅವರೇ ಅಂಗಡಿಗೆ ಬಂದರು. ಅಳತೆ ತಗೊಂಡೆ, ಅಡ್ವಾನ್ಸ್‌ಗೆ ಚೀಟಿ ಬರೆದುಕೊಟ್ಟೆ. ‘ಆದಮೇಲೆ ಮನೆಗೇ ತಂದುಕೊಡ್ತೀರಾ?’ ಎಂದು ಕೇಳಿದರು. ಇಲ್ಲ, ಇಲ್ಲಿಗೇ ಬಂದು ತಗೊಳ್ಳಿ ಎಂದೆ.